ಗೊರಕೆ ನಿಂತ ಆ ಹತ್ತು ಸೆಕೆಂಡು

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವು ಯಾರಿಗೆ ಅನ್ವಯಿಸುತ್ತೇವೆ? ಬಸ್ಸು ಊರು ದಾಟುವ ಮೊದಲೇ ಕಿಟಕಿಗೆ ತಲೆ ಆನಿಸಿ ಗೊರಕೆ ಶುರುಮಾಡುವವರಿಗೆ, ಮದುವೆಮನೆಯ ಗದ್ದಲದಲ್ಲೂ ಕುರ್ಚಿಯಲ್ಲೇ ತೂಕಡಿಸುವವರಿಗೆ. ರಾತ್ರಿ ಇಂಥವರ ಗೊರಕೆ ಪಕ್ಕದ ಕೋಣೆಗೂ ಕೇಳುತ್ತದೆ. ಮನೆಮಂದಿಯೆಲ್ಲ ನಿದ್ದೆಗೆಟ್ಟರೂ ಅವರು ಮಾತ್ರ ಹಾಸಿಗೆಗೆ ಬೆನ್ನು ತಾಗಿದ ಕೂಡಲೇ ಕುಂಭಕರ್ಣ. ‘ಪುಣ್ಯವಂತರು, ಎಂಥಾ ನಿದ್ದೆ!’ ಎಂದು ಹೊಟ್ಟೆಕಿಚ್ಚು ಪಡುವವರೂ ಇದ್ದಾರೆ.

ಆದರೆ ಇಲ್ಲೊಂದು ಲೆಕ್ಕ ತಾಳೆಯಾಗುವುದಿಲ್ಲ. ರಾತ್ರಿ ಏಳೆಂಟು ಗಂಟೆ ಮೈಮರೆತು ಮಲಗಿದವರಿಗೆ ಹಗಲಲ್ಲಿ ಮತ್ತೆ ನಿದ್ದೆ ಏಕೆ ಬರಬೇಕು? ಬೆಳಿಗ್ಗೆ ಎದ್ದಾಗ ತಲೆ ಭಾರ, ಬಾಯಿ ಒಣ, ಮೈಯೆಲ್ಲ ದಣಿವು ಏಕೆ? ಬಿಪಿ ಮಾತ್ರೆ ಒಂದಿದ್ದದ್ದು ಮೂರಾದರೂ ಬಿಪಿ ಇಳಿಯುವುದಿಲ್ಲ ಏಕೆ? ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದೇಕೆ? ಈ ಪ್ರಶ್ನೆಗಳಿಗೆಲ್ಲ ಎಷ್ಟೋ ಸಲ ಒಂದೇ ಉತ್ತರ ಇರುತ್ತದೆ. ಅದನ್ನು ಹುಡುಕಬೇಕಾದದ್ದು ಗೊರಕೆಯ ಸದ್ದಿನಲ್ಲಲ್ಲ, ಆ ಸದ್ದು ಥಟ್ಟನೆ ನಿಲ್ಲುವ ಹೊತ್ತಿನಲ್ಲಿ.

ದೀಪ ಹಾಕಿ ನೋಡಿದರೆ

ಗೊರಕೆಯವರ ಪಕ್ಕದಲ್ಲಿ ನಿದ್ದೆ ಬಾರದೆ ಹೊರಳಾಡಿದವರಿಗೆ ಈ ಕ್ರಮ ಗೊತ್ತಿರುತ್ತದೆ. ಅಂಗಾತ ಮಲಗಿದವರ ಗೊರಕೆ ಸಣ್ಣಗೆ ಶುರುವಾಗಿ ಉಸಿರಿನಿಂದ ಉಸಿರಿಗೆ ಏರುತ್ತದೆ. ಇನ್ನೇನು ತಾರಕಕ್ಕೆ ಹೋಯಿತು ಅನ್ನುವಾಗ ಸದ್ದಡಗುತ್ತದೆ. ‘ಸದ್ಯ, ನಿಂತಿತಲ್ಲ’ ಎಂದು ಕೇಳುವವರಿಗೆ ನೆಮ್ಮದಿ.

ಆ ಹೊತ್ತಿನಲ್ಲಿ ದೀಪ ಹಾಕಿ ನೋಡಿ. ಎದೆ, ಹೊಟ್ಟೆ ಎರಡೂ ಆಡುತ್ತಿವೆ, ಆದರೆ ಒಟ್ಟಿಗೆ ಆಡುತ್ತಿಲ್ಲ. ಹೊಟ್ಟೆ ಉಬ್ಬಿದಾಗ ಎದೆ ಒಳಕ್ಕೆ ಜಗ್ಗುತ್ತದೆ. ಕತ್ತಿನ ಬುಡದ ಗುಳಿ ಪ್ರತಿ ಎಳೆತಕ್ಕೂ ಆಳವಾಗುತ್ತದೆ. ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿಯ ಸುಳಿವೇ ಇಲ್ಲ. ಉಸಿರೆಳೆಯುವ ಪ್ರಯತ್ನವೆಲ್ಲ ನಡೆದಿದೆ, ಉಸಿರು ಮಾತ್ರ ಒಳಗೆ ಹೋಗುತ್ತಿಲ್ಲ. 10 ಸೆಕೆಂಡು, 20 ಸೆಕೆಂಡು, ಕೆಲವರಲ್ಲಿ 40 ಸೆಕೆಂಡಿಗೂ ಮೀರಿ ಹೀಗೆಯೇ. ಆಮೇಲೆ ಒಂದು ದೊಡ್ಡ ಗುಟುರು, ಕೈಕಾಲಿನ ಒದರಾಟ, ನಾಲ್ಕಾರು ದೀರ್ಘ ಉಸಿರು. ಮತ್ತೆ ಸಣ್ಣ ಗೊರಕೆ, ಮತ್ತೆ ಏರು, ಮತ್ತೆ ನಿಲುಗಡೆ. ಮಲಗಿದವರಿಗೆ ಇದರ ಅರಿವೇ ಇಲ್ಲ. ಬೆಳಿಗ್ಗೆ ಕೇಳಿದರೆ, ‘ಒಳ್ಳೆ ನಿದ್ದೆ ಬಂತು’ ಎಂದೇ ಹೇಳುತ್ತಾರೆ.

ವೈದ್ಯರು ಇದನ್ನು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ನಾವು ಉಸಿರುತಡೆ ಎನ್ನೋಣ. ಗಾಳಿಯ ಓಡಾಟ ಹತ್ತು ಸೆಕೆಂಡಾದರೂ ನಿಂತರೆ ಅದು ಒಂದು ಉಸಿರುತಡೆ. ಪೂರ್ತಿ ನಿಲ್ಲದೆ ತೀರಾ ಕಡಿಮೆಯಾಗಿ, ಅದರಿಂದ ರಕ್ತದ ಆಮ್ಲಜನಕ ಇಳಿದರೆ ಅಥವಾ ನಿದ್ದೆ ಮುರಿದರೆ ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ.

ಎಲುಬಿನ ಆಸರೆ ಇಲ್ಲದ ದಾರಿ

ಮೂಗಿನಿಂದ ಶ್ವಾಸಕೋಶದವರೆಗಿನ ಗಾಳಿದಾರಿಯನ್ನು ಗಮನಿಸಿ. ಮೂಗಿಗೆ ಎಲುಬು, ಮೃದ್ವಸ್ಥಿಗಳ ಚೌಕಟ್ಟಿದೆ. ಕತ್ತಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಶ್ವಾಸನಾಳದ ಗಟ್ಟಿ ಉಂಗುರಗಳು ತಾಗುತ್ತವೆ. ನಾವು ಎಷ್ಟು ಜೋರಾಗಿ ಉಸಿರೆಳೆದರೂ ಈ ಎರಡು ಭಾಗಗಳು ಕುಸಿಯುವುದಿಲ್ಲ. ಇವೆರಡರ ನಡುವೆ, ನಾಲಿಗೆಯ ಹಿಂದೆ, ಗಂಟಲಿನ ಕೆಲವು ಇಂಚು ಉದ್ದದ ಕೊಳವೆಗೆ ಮಾತ್ರ ಅಂಥ ಆಸರೆ ಇಲ್ಲ. ಅದರ ಗೋಡೆಗಳು ಬರೀ ಸ್ನಾಯು, ಕೊಬ್ಬು, ಲೋಳೆಪೊರೆ.

ಇದು ದೇಹರಚನೆಯ ದೋಷವಲ್ಲ. ಅದೇ ಕೊಳವೆಯಲ್ಲಿ ನಾವು ಅನ್ನ ನುಂಗಬೇಕು, ನೀರು ಕುಡಿಯಬೇಕು, ಮಾತನಾಡಬೇಕು. ನುಂಗಲು ಕೊಳವೆ ಹಿಂಡಿಕೊಳ್ಳಬೇಕು, ಮಾತಿಗೆ ಕ್ಷಣಕ್ಷಣಕ್ಕೂ ಆಕಾರ ಬದಲಿಸಬೇಕು. ಗಟ್ಟಿ ಕೊಳವೆಯಿಂದ ಈ ಎರಡೂ ಸಾಧ್ಯವಿಲ್ಲ. ಮನುಷ್ಯನ ಧ್ವನಿಪೆಟ್ಟಿಗೆ ಬೇರೆ ಬಹುತೇಕ ಸಸ್ತನಿಗಳಿಗಿಂತ ಕೆಳಗೆ ಇಳಿದಿದೆ. ನಾಲಿಗೆಯ ಬುಡದಲ್ಲಿರುವ ಲಾಳಾಕಾರದ ಸಣ್ಣ ಮೂಳೆ ಬೇರೆ ಯಾವ ಮೂಳೆಯ ಜೊತೆಗೂ ಕೀಲಾಗಿ ಕೂಡಿಲ್ಲ, ಸ್ನಾಯು ಮತ್ತು ತಂತುಗಳಲ್ಲೇ ತೂಗಿಕೊಂಡಿದೆ. ಇಷ್ಟು ಬಳುಕುವ ಗಂಟಲು ಇರುವುದರಿಂದಲೇ ನಾವು ಮಾತನಾಡುತ್ತೇವೆ, ಹಾಡುತ್ತೇವೆ. ಅದರ ಬೆಲೆಯನ್ನು ಕೆಲವರು ರಾತ್ರಿ ತೆರುತ್ತಾರೆ.

ಎಳನೀರು ಮತ್ತು ಕಾಗದದ ಸ್ಟ್ರಾ

2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ ಮೇಲೆ ಎಳನೀರಿಗೆ ಕಾಗದದ ಸ್ಟ್ರಾ ಬಂದಿದೆ. ಮೊದಲ ಗುಟುಕುಗಳು ಸಲೀಸು. ನೀರಿನಲ್ಲಿ ನೆನೆಯುತ್ತಾ ಹೋದಂತೆ ಸ್ಟ್ರಾ ಮೆತ್ತಗಾಗುತ್ತದೆ. ಆಗ ಜೋರಾಗಿ ಹೀರಿದರೆ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಏನೂ ಮೇಲೆ ಬರುವುದಿಲ್ಲ. ಇನ್ನೂ ಜೋರಾಗಿ ಹೀರಿದರೆ ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಉಸಿರುತಡೆಯ ಗುಟ್ಟೆಲ್ಲ ಇದರಲ್ಲೇ ಇದೆ.

ನಾವು ಉಸಿರೆಳೆಯುವುದೂ ಹೀರುವ ಕ್ರಿಯೆಯೇ. ವಪೆ ಕೆಳಗಿಳಿದು ಎದೆಗೂಡು ಹಿಗ್ಗಿದಾಗ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಅದೇ ಸೆಳೆತ ಗಂಟಲಿನ ಮೆತ್ತನೆಯ ಗೋಡೆಗಳನ್ನೂ ಒಳಕ್ಕೆ ಎಳೆಯುತ್ತದೆ. ಎಚ್ಚರದಲ್ಲಿ ಇದರಿಂದ ತೊಂದರೆಯಿಲ್ಲ. ಏಕೆಂದರೆ ಪ್ರತಿ ಉಸಿರಿಗೂ ಒಂದು ಕ್ಷಣ ಮೊದಲೇ ಮಿದುಳು ಗಂಟಲಿನ ಸ್ನಾಯುಗಳನ್ನು ಬಿಗಿ ಮಾಡಿರುತ್ತದೆ. ಗಲ್ಲದ ಮೂಳೆಯಿಂದ ಹೊರಟು ನಾಲಿಗೆಯೊಳಗೆ ಬೀಸಣಿಗೆಯಾಗಿ ಹರಡಿರುವ ಸ್ನಾಯು ಇವುಗಳಲ್ಲಿ ಮುಖ್ಯವಾದದ್ದು. ಅದು ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿದು ದಾರಿ ಬಿಡಿಸುತ್ತದೆ. ಎಚ್ಚರದ ಗಂಟಲು ಒಣ ಸ್ಟ್ರಾ.

ನಿದ್ದೆ ಬಂದಾಗ ಮೈಯ ಸ್ನಾಯುಗಳ ಜೊತೆ ಇವೂ ಸಡಿಲವಾಗುತ್ತವೆ. ಕನಸು ಕಾಣುವ ಹಂತದಲ್ಲಂತೂ ತೀರಾ ಸಡಿಲ. ಸ್ಟ್ರಾ ನೆನೆಯಿತು. ದಾರಿ ಅಗಲವಾಗಿದ್ದವರಿಗೆ ಇಷ್ಟಾದರೂ ಚಿಂತೆಯಿಲ್ಲ. ಇಕ್ಕಟ್ಟಾಗಿದ್ದರೆ ಹಾದುಹೋಗುವ ಗಾಳಿಗೆ ಅಂಗುಳಿನ ಹಿಂಭಾಗ ಮತ್ತು ಕಿರುನಾಲಿಗೆ ಪಟಪಟ ಅದುರುತ್ತವೆ. ಆ ಅದುರಾಟವೇ ಗೊರಕೆ. ಇನ್ನಷ್ಟು ಇಕ್ಕಟ್ಟಾದರೆ ಗೋಡೆಗಳು ಅಂಟಿಕೊಂಡು ಗೊರಕೆಯೂ ಇಲ್ಲ, ಗಾಳಿಯೂ ಇಲ್ಲ.

ದಾರಿ ಇಕ್ಕಟ್ಟಾಗಲು ಕಾರಣ ಹಲವು. ಕತ್ತಿನ ಸುತ್ತಲಿನ ಕೊಬ್ಬು ಹೊರಗಿನಿಂದ ಒತ್ತುತ್ತದೆ. ನಾಲಿಗೆಯೊಳಗೂ ಕೊಬ್ಬು ಸೇರುತ್ತದೆ. ಅಂಗಾತ ಮಲಗಿದರೆ ನಾಲಿಗೆ ತನ್ನ ಭಾರಕ್ಕೇ ಹಿಂದಕ್ಕೆ ಜಾರುತ್ತದೆ. ಮದ್ಯ ಮತ್ತು ಕೆಲವು ನಿದ್ದೆಮಾತ್ರೆಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ಕೆಳದವಡೆ ಚಿಕ್ಕದಿದ್ದು ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಜಾಗವೇ ಸಾಲದು. ಹಾಗಾಗಿ ತೆಳ್ಳಗಿರುವವರಿಗೂ ಉಸಿರುತಡೆ ಬರುತ್ತದೆ. ದಪ್ಪ ಇಲ್ಲದ ಮಾತ್ರಕ್ಕೆ ಅನುಮಾನ ಬಿಡುವಂತಿಲ್ಲ.

ಗಂಟಲು ತೆರೆದೇ ಇದ್ದು, ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಹೊರಡದ ಇನ್ನೊಂದು ಬಗೆಯೂ ಉಂಟು. ಹೃದಯ ದುರ್ಬಲವಾದವರಲ್ಲಿ, ಪಾರ್ಶ್ವವಾಯು ಆದವರಲ್ಲಿ, ಅಫೀಮು ವರ್ಗದ ನೋವುನಿವಾರಕ ತೆಗೆದುಕೊಳ್ಳುವವರಲ್ಲಿ ಅದು ಹೆಚ್ಚು. ಅದರ ಚಿಕಿತ್ಸೆ ಬೇರೆ. ಹೆಚ್ಚಿನವರನ್ನು ಕಾಡುವುದು ಗಂಟಲು ಮುಚ್ಚುವ ಬಗೆಯೇ.

ಉಸಿರೋ ನಿದ್ದೆಯೋ

ಗಂಟಲು ಮುಚ್ಚಿದ ಮೇಲೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಎದೆಯ ಸ್ನಾಯುಗಳು ಇನ್ನೂ ಜೋರಾಗಿ ಹೀರುತ್ತವೆ, ಗಂಟಲು ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಮಿದುಳಿನ ಮುಂದೆ ಆಗ ಸಾಮಾನ್ಯವಾಗಿ ಉಳಿಯುವುದು ಒಂದೇ ಉಪಾಯ: ಎಚ್ಚರವಾಗುವುದು. ಎಚ್ಚರವಾದರೆ ಗಂಟಲಿನ ಸ್ನಾಯುಗಳು ಬಿಗಿಯಾಗುತ್ತವೆ, ದಾರಿ ತೆರೆಯುತ್ತದೆ. ಆ ಗುಟುರು, ಆ ಒದರಾಟ, ಮಿದುಳು ನಿದ್ದೆಯನ್ನು ಬಿಟ್ಟುಕೊಟ್ಟು ಉಸಿರನ್ನು ಉಳಿಸಿಕೊಂಡ ಗುರುತು.

ಈ ಎಚ್ಚರ ಕೆಲವೇ ಸೆಕೆಂಡುಗಳದ್ದು. ಇದನ್ನು ಕಿರುಎಚ್ಚರ ಎನ್ನೋಣ. ನೆನಪಿನಲ್ಲಿ ದಾಖಲಾಗುವಷ್ಟು ಹೊತ್ತು ಅದು ಇರುವುದಿಲ್ಲ. ಆದರೆ ಗಾಢನಿದ್ದೆಗೆ ಇಳಿಯುತ್ತಿದ್ದವರನ್ನು ಮೇಲಕ್ಕೆ ಎಳೆದು ತರಲು ಅಷ್ಟು ಸಾಕು. ಮತ್ತೆ ನಿದ್ದೆ, ಮತ್ತೆ ಗಂಟಲಿನ ಕುಸಿತ, ಮತ್ತೆ ಕಿರುಎಚ್ಚರ.

ಗಂಟೆಗೆ ಸರಾಸರಿ ಎಷ್ಟು ಸಲ ಹೀಗೆ ಉಸಿರು ನಿಲ್ಲುತ್ತದೆ ಅಥವಾ ಕ್ಷೀಣಿಸುತ್ತದೆ ಎಂಬುದೇ ಈ ಕಾಯಿಲೆಯ ಅಳತೆಗೋಲು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15ರ ಒಳಗೆ ಸೌಮ್ಯ, 15ರಿಂದ 30ರ ಒಳಗೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ. ಅಷ್ಟು ಸಲ ಯಾರಾದರೂ ನಮ್ಮ ಭುಜ ಹಿಡಿದು ಅಲುಗಿಸಿದರೆ ಬೆಳಿಗ್ಗೆ ನಾವು ಹೇಗಿರುತ್ತೇವೆ? ಮನೆಯವರ ಕಣ್ಣಿಗೆ ಕುಂಭಕರ್ಣನ ನಿದ್ದೆಯಾಗಿ ಕಂಡದ್ದು ನಿಜವಾಗಿ ಕೋಳಿನಿದ್ದೆ. ಹಗಲಿನ ತೂಕಡಿಕೆ ಸೋಮಾರಿತನವಲ್ಲ, ತೀರದ ನಿದ್ದೆಸಾಲ. ಇದೇ ಸ್ಥಿತಿಯಲ್ಲಿ ಸ್ಟಿಯರಿಂಗ್ ಹಿಡಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕಿತ್ಸೆ ಪಡೆಯದ ಚಾಲಕರು ಅಪಘಾತಕ್ಕೆ ಸಿಲುಕುವ ಸಂಭವ ಹೆಚ್ಚು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಹೃದಯಕ್ಕೂ ವಿಶ್ರಾಂತಿಯಿಲ್ಲ

ರಾತ್ರಿ ನಿದ್ದೆಯಲ್ಲಿ ರಕ್ತದೊತ್ತಡ ಇಳಿಯಬೇಕು, ಅದು ರಕ್ತನಾಳಗಳಿಗೆ ಸಿಗುವ ಬಿಡುವು. ಉಸಿರುತಡೆ ಇದ್ದವರಲ್ಲಿ ಪ್ರತಿ ಕಿರುಎಚ್ಚರದಲ್ಲೂ ದೇಹ ಅಪಾಯವನ್ನು ಎದುರಿಸುವ ಸ್ಥಿತಿಗೆ ಹೋಗುತ್ತದೆ. ಅಡ್ರಿನಲಿನ್ ಚಿಮ್ಮುತ್ತದೆ, ನಾಡಿ ಓಡುತ್ತದೆ, ಬಿಪಿ ಜಿಗಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹಗಲಿನ ಬಿಪಿಯೂ ಏರಿಯೇ ಉಳಿಯುತ್ತದೆ. ಮೂರು ಬಗೆಯ ಮಾತ್ರೆಗೂ ಬಗ್ಗದ ರಕ್ತದೊತ್ತಡದ ಹಿಂದೆ ಉಸಿರುತಡೆ ಇದೆಯೇ ಎಂದು ವೈದ್ಯರು ಹುಡುಕುವುದು ಇದಕ್ಕೇ. ಹೃದಯದ ಬಡಿತ ತಾಳ ತಪ್ಪುವುದಕ್ಕೂ ಪಾರ್ಶ್ವವಾಯುವಿಗೂ ಇದರ ನಂಟಿದೆ.

ಮೂತ್ರಕ್ಕೆ ಏಳುವ ಸಂಗತಿಗೂ ಇಲ್ಲೇ ವಿವರಣೆ ಇದೆ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಜೋರಾಗಿ ಹೀರಿದಾಗ ಎದೆಗೂಡಿನ ಒತ್ತಡ ಕುಸಿದು ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ರಕ್ತ ಹೆಚ್ಚಾಗಿದೆ ಎಂದು ತಪ್ಪು ತಿಳಿದ ಹೃದಯ, ನೀರನ್ನು ಹೊರಹಾಕಿ ಎಂದು ಮೂತ್ರಪಿಂಡಗಳಿಗೆ ಹಾರ್ಮೋನಿನ ಮೂಲಕ ಸಂದೇಶ ಕಳಿಸುತ್ತದೆ. ಪ್ರಾಸ್ಟೇಟ್ ತೊಂದರೆ, ಸಕ್ಕರೆ ಕಾಯಿಲೆ ಎಂದು ಅಲೆದವರಲ್ಲಿ ಕೆಲವರಿಗಾದರೂ ಮೂಲ ಇರುವುದು ಗಂಟಲಿನಲ್ಲಿ.

2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಅವರ ವೈದ್ಯರು ಹೇಳಿದ ಕಾರಣಗಳಲ್ಲಿ ಉಸಿರುತಡೆಯೂ ಇತ್ತು. ನಮ್ಮಲ್ಲಿ ಅನೇಕರು ಈ ಕಾಯಿಲೆಯ ಹೆಸರನ್ನು ಮೊದಲು ಕೇಳಿದ್ದೇ ಆಗ. ಆದರೆ ಇದು ಅಪರೂಪದ್ದೇನಲ್ಲ. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಜಗತ್ತಿನಲ್ಲಿ 30ರಿಂದ 69 ವರ್ಷದವರ ಪೈಕಿ ಸುಮಾರು 93.6 ಕೋಟಿ ಜನರಿಗೆ ಸೌಮ್ಯದಿಂದ ಹಿಡಿದು ತೀವ್ರದವರೆಗೆ ಒಂದಲ್ಲ ಒಂದು ಮಟ್ಟದ ಉಸಿರುತಡೆ ಇದೆ. ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಇದೆಯೆಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಲೆಕ್ಕ ಹಾಕಿದರು. ಇವರಲ್ಲಿ ಬಹುತೇಕರಿಗೆ ತಮಗೆ ಹೀಗಿದೆ ಎಂಬುದೇ ಗೊತ್ತಿಲ್ಲ.

ಯಾರು ಪರೀಕ್ಷೆ ಮಾಡಿಸಬೇಕು?

ಜೋರು ಗೊರಕೆ, ಹಗಲಿನ ದಣಿವು, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ಅಧಿಕ ರಕ್ತದೊತ್ತಡ, ಬೊಜ್ಜು, 50 ದಾಟಿದ ವಯಸ್ಸು, ದಪ್ಪ ಕತ್ತು, ಗಂಡಸಾಗಿರುವುದು. ವೈದ್ಯರು ಮೊದಲು ತೂಗಿ ನೋಡುವ ಎಂಟು ಅಂಶಗಳು ಇವು. ಮೂರು ಅಥವಾ ಅದಕ್ಕಿಂತ ಹೆಚ್ಚು ಹೊಂದಿದರೆ ಪರೀಕ್ಷೆಯ ಮಾತು ಎತ್ತುವುದು ಒಳ್ಳೆಯದು.

ಈ ಪಟ್ಟಿ ಹೆಂಗಸರನ್ನು ಕೈಬಿಡುವ ಅಪಾಯವಿದೆ. ಮುಟ್ಟು ನಿಂತ ಮೇಲೆ ಅವರಲ್ಲೂ ಉಸಿರುತಡೆ ಹೆಚ್ಚುತ್ತದೆ. ಆದರೆ ಅವರು ಹೇಳಿಕೊಳ್ಳುವುದು ಸುಸ್ತು, ತಲೆನೋವು, ನಿದ್ದೆ ಬಾರದ ಸಂಕಟ. ಅದಕ್ಕೆ ಮನೆಗೆಲಸದ ಆಯಾಸ, ಮನಸ್ಸಿನ ಬೇಸರ ಎಂಬ ಹೆಸರು ಕೊಟ್ಟು ಕಳಿಸುವುದೇ ಹೆಚ್ಚು. ಮಕ್ಕಳ ಕಥೆ ಇನ್ನೊಂದು. ಊದಿದ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಅವರ ದಾರಿಯನ್ನು ಅಡ್ಡಗಟ್ಟುತ್ತವೆ. ನಿದ್ದೆಗೆಟ್ಟ ಮಗು ಹಗಲು ತೂಕಡಿಸುವ ಬದಲು ಚಡಪಡಿಸುತ್ತದೆ, ಪಾಠದಲ್ಲಿ ಗಮನ ಇಡುವುದಿಲ್ಲ, ತುಂಟ ಎನ್ನಿಸಿಕೊಳ್ಳುತ್ತದೆ. ಬಾಯಿ ತೆರೆದು ಮಲಗಿ ದಿನವೂ ಗೊರಕೆ ಹೊಡೆಯುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಪರೀಕ್ಷೆಯಲ್ಲಿ ಚುಚ್ಚುವುದು, ಕೊಯ್ಯುವುದು ಏನೂ ಇಲ್ಲ. ಒಂದು ರಾತ್ರಿ ನಿದ್ರಾ ಪ್ರಯೋಗಾಲಯದಲ್ಲಿ ಮಲಗಬೇಕು. ತಲೆಗೆ ಮಿದುಳಿನ ಅಲೆ ಗುರುತಿಸುವ ತಂತಿ, ಮೂಗಿನ ಕೆಳಗೆ ಗಾಳಿ ಅಳೆಯುವ ಕೊಳವೆ, ಎದೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಮ್ಲಜನಕದ ಕ್ಲಿಪ್. ಅನುಮಾನ ಬಲವಾಗಿದ್ದು ಬೇರೆ ದೊಡ್ಡ ಕಾಯಿಲೆಗಳಿಲ್ಲದಿದ್ದರೆ ಮನೆಯಲ್ಲೇ ಕಟ್ಟಿಕೊಳ್ಳುವ ಸಣ್ಣ ಯಂತ್ರವೂ ಸಾಕಾಗುತ್ತದೆ. ಬೆಳಿಗ್ಗೆ ಬರುವ ಚಿತ್ರದಲ್ಲಿ ಗಾಳಿಯ ಗೆರೆ ಚಪ್ಪಟೆಯಾದಾಗಲೂ ಎದೆ ಹೊಟ್ಟೆಯ ಗೆರೆಗಳು ಏರಿಳಿಯುತ್ತಲೇ ಇರುತ್ತವೆ. ಆಮ್ಲಜನಕದ ಗೆರೆ ಮಾತ್ರ ತುಸು ತಡವಾಗಿ ಇಳಿಯುತ್ತದೆ, ಏಕೆಂದರೆ ಶ್ವಾಸಕೋಶದ ರಕ್ತ ಬೆರಳ ತುದಿಗೆ ಬರಲು ಹೊತ್ತು ಬೇಕು. ನೋಡಿದವರಿಗೆ ತಮ್ಮ ರಾತ್ರಿ ಹೇಗಿತ್ತೆಂದು ಮೊದಲ ಬಾರಿಗೆ ಗೊತ್ತಾಗುತ್ತದೆ.

ತಿರುಗಿಸಿಟ್ಟ ವ್ಯಾಕ್ಯೂಮ್ ಕ್ಲೀನರ್

ಉಸಿರುತಡೆಯನ್ನು ಫ್ರಾನ್ಸ್ ಮತ್ತು ಜರ್ಮನಿಯ ಎರಡು ತಂಡಗಳು 1965ರಲ್ಲಿ ಬೇರೆ ಬೇರೆಯಾಗಿ ದಾಖಲಿಸಿದವು. ಆಗ ತೀವ್ರ ರೋಗಿಗಳಿಗಿದ್ದ ಖಚಿತ ಚಿಕಿತ್ಸೆ ಒಂದೇ. ಕತ್ತಿನಲ್ಲಿ ರಂಧ್ರ ಮಾಡಿ, ಮುಚ್ಚಿಕೊಳ್ಳುವ ಭಾಗವನ್ನು ತಪ್ಪಿಸಿ, ನೇರ ಶ್ವಾಸನಾಳಕ್ಕೆ ಗಾಳಿ ಕೊಡುವುದು. ಜೀವ ಉಳಿಯುತ್ತಿತ್ತು, ಜೀವನ ಕಷ್ಟವಾಗುತ್ತಿತ್ತು.

1980ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಅವರ ಬಳಿ ಅಂಥ ರಂಧ್ರಕ್ಕೆ ಒಪ್ಪದ ರೋಗಿಯೊಬ್ಬರಿದ್ದರು. ಹೀರಿದಾಗ ಮುಚ್ಚುವ ಕೊಳವೆಯೊಳಕ್ಕೆ ಹೊರಗಿನಿಂದ ಸ್ವಲ್ಪ ಗಾಳಿ ಊದುತ್ತಲೇ ಇದ್ದರೆ ಅದು ಮುಚ್ಚಲಾರದು ಎಂದು ಸಲಿವನ್ ಯೋಚಿಸಿದರು. ನೆನೆದ ಸ್ಟ್ರಾದೊಳಗೆ ಆಚೆ ತುದಿಯಿಂದ ಊದಿದರೆ ಗೋಡೆಗಳು ದೂರ ಸರಿಯುವ ಹಾಗೆ. ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಹೀರುವ ಬದಲು ಊದುವಂತೆ ತಿರುಗಿಸಿ, ಮೂಗಿಗೆ ಮಾಸ್ಕ್ ಅಂಟಿಸಿದರು. ಒತ್ತಡ ಏರಿಸಿದಾಗ ಉಸಿರು ಸರಾಗವಾಯಿತು, ಇಳಿಸಿದಾಗ ಮತ್ತೆ ನಿಂತಿತು. ಐದು ರೋಗಿಗಳ ಅನುಭವವನ್ನು ಅವರ ತಂಡ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿತು.

ಇಂದಿನ ಸಿಪ್ಯಾಪ್ ಯಂತ್ರ ಅದೇ ತತ್ವದ್ದು. ಅನೇಕರು ತಿಳಿದಿರುವ ಹಾಗೆ ಇದು ಆಮ್ಲಜನಕ ಕೊಡುವ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದಲ್ಲಿ ಊದುತ್ತದೆ. ಒತ್ತಡ ಸರಿಯಾಗಿ ಹೊಂದಿದರೆ ಮೊದಲ ರಾತ್ರಿಯೇ ಗೊರಕೆ ಮಾಯ.

ಕಷ್ಟ ಇರುವುದು ಒಗ್ಗಿಕೊಳ್ಳುವುದರಲ್ಲಿ. ಮೂಗು ಒಣಗುತ್ತದೆ, ಮಾಸ್ಕಿನಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಮುಖ ಬಿಗಿದಂತೆ ಅನ್ನಿಸುತ್ತದೆ. ಒಂದೇ ವಾರಕ್ಕೆ ಯಂತ್ರ ಅಟ್ಟ ಸೇರಿದ ಮನೆಗಳು ಬಹಳ. ಇವಕ್ಕೆಲ್ಲ ಪರಿಹಾರವಿದೆ: ತೇವ ಬೆರೆಸುವ ಜೋಡಣೆ, ಬೇರೆ ಅಳತೆಯ ಮಾಸ್ಕ್, ಹಗಲಲ್ಲಿ ಟಿವಿ ನೋಡುತ್ತಾ ಧರಿಸಿ ಅಭ್ಯಾಸ ಮಾಡುವುದು. ಪೂರ್ತಿ ರಾತ್ರಿ ಬಳಸುವುದು ಮುಖ್ಯ. ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದ 2,717 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಂತ್ರದಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಅದನ್ನು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಬಳಸಿದ್ದರು. ಹಗಲಿನ ತೂಕಡಿಕೆ ಮತ್ತು ಬದುಕಿನ ಗುಣಮಟ್ಟ ಮಾತ್ರ ಅಷ್ಟರಲ್ಲೇ ಸುಧಾರಿಸಿತ್ತು.

ಮಾಸ್ಕ್ ಒಗ್ಗದವರಿಗೆ

ಸೌಮ್ಯ ಮತ್ತು ಮಧ್ಯಮ ಹಂತದವರಿಗೆ ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವ ಒಂದು ಸಾಧನವಿದೆ. ರಾತ್ರಿ ಹಾಕಿಕೊಂಡರೆ ಅದು ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದೆ ಹಿಡಿಯುತ್ತದೆ, ನಾಲಿಗೆಯೂ ಜೊತೆಗೆ ಮುಂದೆ ಬರುತ್ತದೆ. ಯಂತ್ರದಷ್ಟು ಪರಿಣಾಮಕಾರಿಯಲ್ಲ, ಆದರೆ ಜನ ಹೆಚ್ಚು ಹೊತ್ತು ಬಳಸುತ್ತಾರೆ. ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸವೇ ದೊಡ್ಡ ಔಷಧ. ಅಂಗಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯುವ ಹಳೆಯ ಉಪಾಯ ಹುಟ್ಟಿದ್ದು ಇದಕ್ಕೇ.

ತೂಕ ಇಳಿಸುವುದು ಮೂಲಕ್ಕೇ ಕೈಹಾಕುವ ದಾರಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ ತೂಕ ಶೇ. 10ರಷ್ಟು ಇಳಿದರೆ ಉಸಿರುತಡೆಯ ಎಣಿಕೆ ಸುಮಾರು ಶೇ. 26ರಷ್ಟು ಇಳಿಯುವುದು ಕಂಡಿತು. ಪೆನ್ಸಿಲ್ವೇನಿಯಾದ ಸಂಶೋಧಕರು 2020ರಲ್ಲಿ ಎಂಆರ್‌ಐ ಚಿತ್ರಗಳಿಂದ ಇನ್ನೊಂದು ವಿಷಯ ತೋರಿಸಿದರು. ತೂಕ ಇಳಿದಾಗ ಉಸಿರುತಡೆ ಕಡಿಮೆಯಾಗಲು ಮುಖ್ಯ ಕಾರಣ ನಾಲಿಗೆಯೊಳಗಿನ ಕೊಬ್ಬು ಕರಗುವುದು. 2024ರ ಡಿಸೆಂಬರ್‌ನಲ್ಲಿ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ, ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಉಸಿರುತಡೆ ಇರುವ ವಯಸ್ಕರಲ್ಲಿ ಬಳಸಲು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳುವಂಥದ್ದಲ್ಲ.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಒಂದೇ ಅಲ್ಲ. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆದರೆ ಹೆಚ್ಚಿನವರು ಸುಧಾರಿಸುತ್ತಾರೆ. ದೊಡ್ಡವರಲ್ಲಿ ದಾರಿ ಎಲ್ಲಿ ಕುಸಿಯುತ್ತದೆ ಎಂದು ನೋಡದೆ ಅಂಗುಳು ಕೊಯ್ದರೆ ಗೊರಕೆ ನಿಂತೂ ಉಸಿರುತಡೆ ಉಳಿಯಬಹುದು. ಎದೆಯ ಚರ್ಮದಡಿ ಸಣ್ಣ ಯಂತ್ರ ಇಟ್ಟು ನಾಲಿಗೆಯ ನರವನ್ನು ಪ್ರತಿ ಉಸಿರಿಗೂ ಪ್ರಚೋದಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ದುಬಾರಿ, ಆಯ್ದ ಕೆಲವರಿಗಷ್ಟೇ.

ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟು ಬಲಪಡಿಸುವ ಪ್ರಯತ್ನವೂ ಇದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆಯ ಕೊಳಲು ಡಿಜರಿಡೂ ಊದಿದವರಲ್ಲಿ ಹಗಲಿನ ನಿದ್ದೆ ಕಡಿಮೆಯಾದದ್ದನ್ನು ಸ್ವಿಟ್ಜರ್ಲೆಂಡಿನ ತಂಡ 2006ರಲ್ಲಿ ವರದಿ ಮಾಡಿತ್ತು. ಜೈಪುರದ ವೈದ್ಯರು 2025ರಲ್ಲಿ ಅದೇ ಪ್ರಶ್ನೆಯನ್ನು ನಮ್ಮ ಶಂಖದ ಬಗ್ಗೆ ಕೇಳಿದರು. ಮಧ್ಯಮ ಹಂತದ 30 ಮಂದಿಯಲ್ಲಿ ಆರು ತಿಂಗಳು ಶಂಖ ಊದಿದವರಿಗೆ, ಬರೀ ದೀರ್ಘ ಉಸಿರಾಟ ಮಾಡಿದವರಿಗಿಂತ ಗಂಟೆಗೆ ನಾಲ್ಕೈದು ಉಸಿರುತಡೆ ಕಡಿಮೆಯಾಯಿತು. ಅಧ್ಯಯನ ಚಿಕ್ಕದು. ಇದನ್ನು ನಂಬಿ ಯಂತ್ರ ಬಿಡುವುದು ತಪ್ಪು, ಯಂತ್ರದ ಜೊತೆಗೆ ಮಾಡಿದರೆ ನಷ್ಟವಿಲ್ಲ.

ಮೊದಲ ವರದಿ ಮನೆಯವರದು

ಎಲ್ಲ ಚಿಕಿತ್ಸೆಗಳೂ ಸೇರುವುದು ಒಂದೇ ಕಡೆ: ಉಸಿರೋ ನಿದ್ದೆಯೋ ಎಂಬ ಆಯ್ಕೆಯ ಇಕ್ಕಟ್ಟಿಗೆ ಮಿದುಳು ಸಿಲುಕದಂತೆ ದಾರಿ ತೆರೆದಿಡುವುದು. ಯಾವುದು ಯಾರಿಗೆ ಎಂಬುದನ್ನು ವೈದ್ಯರು ಹೇಳಬಲ್ಲರು. ಆದರೆ ಕಾಯಿಲೆ ಇದೆ ಎಂಬುದನ್ನು ರೋಗಿ ತಾನಾಗಿ ಹೇಳಲಾರ, ಅವನು ಆ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಾನೆ. ಹೇಳಬೇಕಾದವರು ಪಕ್ಕದಲ್ಲಿ ಎಚ್ಚರವಾಗಿದ್ದವರು. ಗೊರಕೆಯನ್ನು ಗೇಲಿ ಮಾಡುವುದನ್ನೂ ಅದಕ್ಕಾಗಿ ಜಗಳವಾಡುವುದನ್ನೂ ಬಿಟ್ಟು, ಎರಡು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮುಂದಿನ ಸಲ ಬಿಪಿ ತೋರಿಸಲು ಹೋದಾಗ ಜೊತೆಗೆ ಹೋಗಿ ವೈದ್ಯರಿಗೆ ತೋರಿಸಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ತಜ್ಞರಿಗೂ ತಪ್ಪದೆ ಹೇಳಿ, ಏಕೆಂದರೆ ಅವರು ಕೊಡುವ ಔಷಧ ಅದೇ ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ. ‘ಇವರ ಗೊರಕೆ ನಡುನಡುವೆ ನಿಲ್ಲುತ್ತದೆ, ಆಗ ಉಸಿರೂ ಇರುವುದಿಲ್ಲ’ ಎಂಬ ಒಂದು ವಾಕ್ಯದಿಂದ ವರ್ಷಗಟ್ಟಲೆ ಸಿಗದ ಕಾರಣ ಸಿಕ್ಕೀತು.